ಅನುವಾದ ಆಮೇಲೆ, ಮೊದಲು ಫಾರಂ ಓದಿ

ಪ್ರಶ್ನೆ: ಮೇಡಂ, ನಗರಾಡಳಿತದ ಕಚೇರಿಯೊಂದರಲ್ಲಿ ಕೆಲಸ ಮಾಡುತ್ತೇನೆ. ಹೊರದೇಶಗಳಿಂದ ಬಂದು ನೆಲೆಸಿದವರು ನಮ್ಮಲ್ಲಿ ಜಾಸ್ತಿ. ಎಲ್ಲ ಫಾರಂಗಳನ್ನೂ ಹತ್ತು ಭಾಷೆಗೆ ಅನುವಾದ ಮಾಡಿಸಲು ಹಣ ಮಂಜೂರಾಗಿದೆ. ಇಷ್ಟು ಮಾಡಿದರೆ ಸಾಕಲ್ವಾ?

ಉತ್ತರ: ಹಣ ಸಿಕ್ಕಿದ್ದು ಒಳ್ಳೆಯದಾಯಿತು. ಆದರೆ ಅನುವಾದಕ್ಕೆ ಕೊಡುವ ಮೊದಲು ಆ ಫಾರಂಗಳನ್ನು ನೀವೇ ಕುಳಿತು ತುಂಬಿ ನೋಡಿ. ಕೇಳಬೇಕಿಲ್ಲದ್ದನ್ನೆಲ್ಲ ಮೊದಲು ಹೊಡೆದುಹಾಕಿ.

ಹೆಸರಿನಿಂದ ಶುರು ಮಾಡಿ. ಇಂಥ ಫಾರಂ ತಿದ್ದುವುದೇ ನನ್ನ ಕೆಲಸ. ಜನ ಪೆನ್ನು ಹಿಡಿದು ಸುಮ್ನೆ ನಿಂತುಬಿಡುವುದು ಅಲ್ಲೇ. ಮೊದಲ ಹೆಸರು, ಕೊನೆಯ ಹೆಸರು ಎಂದು ಎರಡು ಚೌಕ, ಎರಡೂ ಕಡ್ಡಾಯ. ಇಂಡೊನೇಷ್ಯಾ, ಮ್ಯಾನ್ಮಾರ್, ಅಫ್ಘಾನಿಸ್ತಾನಗಳಲ್ಲಿ ಕೊನೆಯ ಹೆಸರೇ ಇಲ್ಲದೆ ಒಂದೇ ಒಂದು ಹೆಸರಿರುವವರು ಬೇಕಾದಷ್ಟಿದ್ದಾರೆ. ಅವರೇನು ಬರೆಯಬೇಕು? ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರಿದ್ದರೆ ಅಮೆರಿಕದ ವೀಸಾದಲ್ಲಿ ಮೊದಲ ಹೆಸರಿನ ಜಾಗಕ್ಕೆ ‘ಎಫ್‌ಎನ್‌ಯು’ ಎಂದು ಬರುತ್ತದೆ. ಹೆಸರು ಗೊತ್ತಿಲ್ಲ ಎಂಬುದರ ಗುರುತು ಅದು. ಆಮೇಲೆ ಹೋದಲ್ಲೆಲ್ಲ ಅದನ್ನೇ ಅವರ ಹೆಸರು ಅಂದುಕೊಂಡು ಕೂಗುತ್ತಾರೆ! ‘ಪೂರ್ತಿ ಹೆಸರು’ ಎಂಬ ಒಂದು ಉದ್ದನೆಯ ಚೌಕ ಇಟ್ಟರೆ ಈ ರಗಳೆಯೇ ಇಲ್ಲ. ಬ್ರಿಟನ್ ಸರ್ಕಾರದ ವಿನ್ಯಾಸ ಕೈಪಿಡಿಯೂ ಎಲ್ಲರಿಗೂ ಹೊಂದುವುದು ಒಂದೇ ಚೌಕ ಎನ್ನುತ್ತದೆ.

ಒಂದೇ ಮನೆಯ ಗಂಡ, ಹೆಂಡತಿ, ಅಜ್ಜಿ ಮೂವರೂ ಜನವರಿ 1ರಂದು ಹುಟ್ಟಿದವರು ಅಂತ ಕಂಡರೆ ಮೋಸ ಅಂದುಕೊಳ್ಳಬೇಡಿ. ಹುಟ್ಟಿದ ದಾಖಲೆ ಇಲ್ಲದ ನಿರಾಶ್ರಿತರಿಗೆ ಎಷ್ಟೋ ಸಲ ಅಧಿಕಾರಿಗಳೇ ಹಾಕಿಕೊಟ್ಟ ತಾರೀಖು ಅದು. ಹೆಸರು, ಹುಟ್ಟಿದ ದಿನ ಎರಡನ್ನೇ ನೋಡುವ ಸಾಫ್ಟ್‌ವೇರ್ ಇಂಥಲ್ಲಿ ಹೆಸರೂ ಒಂದೇ ಆಗಿರುವ ಇಬ್ಬರ ಕಡತವನ್ನು ಒಂದು ಮಾಡಿಬಿಡುತ್ತದೆ.

ಇನ್ನು ಗುರುತಿನ ಪತ್ರ. ನ್ಯೂಯಾರ್ಕ್ ನಗರ 2015ರಲ್ಲಿ ತನ್ನದೇ ಗುರುತಿನ ಚೀಟಿ ಶುರು ಮಾಡಿತು. ವಲಸೆಯ ಸ್ಥಿತಿಗತಿ ಏನು ಎಂದು ಅದಕ್ಕೆ ಕೇಳುವುದಿಲ್ಲ. ಬೇರೆ ದೇಶದ ಪಾಸ್‌ಪೋರ್ಟೂ ನಡೆಯುತ್ತದೆ. ಗ್ರಂಥಾಲಯದ ಕಾರ್ಡಿಗೆ ವೀಸಾ ಯಾಕೆ ಬೇಕು ಹೇಳಿ? ನಿಮ್ಮ ಫಾರಂಗಳಲ್ಲೂ ಇಂಥದ್ದು ಖಂಡಿತ ಇರುತ್ತದೆ.

ನಿಮ್ಮ ಹಣದಲ್ಲಿ ಅರ್ಧವನ್ನು ಫೋನ್ ದುಭಾಷಿಗಳಿಗೆ ಇಡಿ. ಓದಲು ಬಾರದವರಿಗೆ ಅನುವಾದದಿಂದ ಏನೂ ಸಿಗುವುದಿಲ್ಲ. ಆಸ್ಟ್ರೇಲಿಯಾದಲ್ಲಿ ಈ ಸೇವೆ 1973ರಿಂದ ಇದೆ. ಈಗ 150ಕ್ಕೂ ಹೆಚ್ಚು ಭಾಷೆಗಳಲ್ಲಿ, ಹಗಲು ರಾತ್ರಿ ಸಿಗುತ್ತದೆ. ಇದಿಲ್ಲದ ಕಡೆ ಏನಾಗುತ್ತದೆ ಗೊತ್ತಲ್ಲ? ಶಾಲೆ ತಪ್ಪಿಸಿ ಬಂದ ಹತ್ತು ವರ್ಷದ ಹುಡುಗಿ ಕೌಂಟರ್ ಮುಂದೆ ನಿಂತು ಅಮ್ಮನ ಬಾಡಿಗೆ ಬಾಕಿ, ಕಾಯಿಲೆ ಎಲ್ಲವನ್ನೂ ತಾನೇ ವಿವರಿಸುತ್ತಾಳೆ. ಮಗಳೆದುರು ಹೇಳಲಾಗದ್ದನ್ನು ಅಮ್ಮ ನುಂಗಿಕೊಳ್ಳುತ್ತಾಳೆ. ಮಕ್ಕಳನ್ನು ದುಭಾಷಿ ಮಾಡಬಾರದು ಎಂದು ನಿಮ್ಮ ಸಿಬ್ಬಂದಿಗೆ ಬರಹದಲ್ಲೇ ತಿಳಿಸಿ.

ಕೊನೆಗೆ ಅನುವಾದಕ್ಕೆ ಬಂದಾಗ, ವೆಬ್‌ಸೈಟ್‌ನಲ್ಲಿ ಭಾಷೆ ಆರಿಸಲು ಧ್ವಜಗಳ ಚಿತ್ರ ಹಾಕಬೇಡಿ. ಅರಬ್ಬಿಗೆ ಯಾವ ದೇಶದ ಧ್ವಜ ಹಾಕುತ್ತೀರಿ? ಭಾಷೆಯ ಹೆಸರನ್ನು ಅದರದೇ ಲಿಪಿಯಲ್ಲಿ ಬರೆಸಿ. ಅರಬ್ಬಿ ಬಲದಿಂದ ಎಡಕ್ಕೆ ಎಂಬುದನ್ನು ಸಾಫ್ಟ್‌ವೇರ್‌ನವರಿಗೆ ಗುತ್ತಿಗೆಯ ಕಾಗದದಲ್ಲೇ ಹೇಳಿಬಿಡಿ. ಆಮೇಲೆ ನೆನಪಾದರೆ ಎಲ್ಲ ಪುಟವನ್ನೂ ಮತ್ತೆ ಕಟ್ಟಬೇಕಾದೀತು.