ಮಳೆಗಾಲದಲ್ಲಿ ಮಕ್ಕಳ ಜೊತೆ ಶಿವಮೊಗ್ಗಕ್ಕೆ ಬಂದರೆ ಕಾಡುಪ್ರಾಣಿ ನೋಡಲು ಎಲ್ಲಿಗೆ ಹೋಗಬೇಕು?

ಆಗಸ್ಟ್‌ನಲ್ಲಿ ಎರಡು ದಿನಕ್ಕೆ ಬರುತ್ತೇವೆ, ಮಕ್ಕಳಿಗೆ ಹುಲಿ ತೋರಿಸಬೇಕು, ಮಳೆ ಇದ್ದರೆ ಬರೋದೇ ಬೇಡವಾ ಅಂತ ಕೇಳಿದ್ದೀರಿ. ನಾನು ಇದೇ ಜಿಲ್ಲೆಯವನು. ಬನ್ನಿ, ಆದರೆ ಹುಲಿಯ ಆಸೆ ಸ್ವಲ್ಪ ಕಡಿಮೆ ಮಾಡಿಕೊಳ್ಳಿ.

ಹುಲಿ ಕಾಣಲೇಬೇಕು ಅಂದರೆ ಸಾಗರ ರಸ್ತೆಯ ತ್ಯಾವರೆಕೊಪ್ಪ ಇದೆ. ಊರಿಂದ ಸುಮಾರು 10 ಕಿ.ಮೀ. ಅಲ್ಲಿ ಹುಲಿ, ಸಿಂಹ ಎರಡೂ ಸಿಗುತ್ತವೆ. ಆದರೆ ಅದು ಬೇಲಿಯೊಳಗಿನ ಸಫಾರಿ. ಸಿಂಹ ಮಲೆನಾಡಿನ ಪ್ರಾಣಿಯೇ ಅಲ್ಲ, ಅದನ್ನು ಮಕ್ಕಳಿಗೆ ಹೇಳಿಬಿಡಿ. ನಿಜವಾದ ಕಾಡಿನ ಹುಲಿ ಇರೋದು ಭದ್ರಾದಲ್ಲಿ. 1998ರಿಂದ ಅದು ಹುಲಿ ಮೀಸಲು ಪ್ರದೇಶ. ಒಳಗಿದ್ದ ಹಳ್ಳಿಗಳ ಜನ 2001-02ರ ಹೊತ್ತಿಗೆ ಮನೆ, ಗದ್ದೆ ಬಿಟ್ಟು ಹೊರಗೆ ಬಂದರು. ಆ ಕಾಡು ಇವತ್ತು ಹಾಗಿರೋದರಲ್ಲಿ ಅವರ ಪಾಲೂ ಇದೆ. ಅಲ್ಲಿ ಹುಲಿ ಕಾಣೋದು ಮಾತ್ರ ಅದೃಷ್ಟ. ಮಳೆ ಜೋರಾದರೆ ಸಫಾರಿಯೇ ನಿಲ್ಲಬಹುದು, ಮೊದಲೇ ವಿಚಾರಿಸಿ.

ಆಗಸ್ಟ್‌ನಲ್ಲಿ ನೋಡಬೇಕಾದ್ದು ಹಕ್ಕಿ. ತೀರ್ಥಹಳ್ಳಿ ರಸ್ತೆಯಲ್ಲಿ 30 ಕಿ.ಮೀ. ಆಸುಪಾಸು ಮಂಡಗದ್ದೆ ಸಿಗುತ್ತದೆ. ರಸ್ತೆ ಪಕ್ಕದಲ್ಲೇ ತುಂಗೆ, ಹೊಳೆ ನಡುವೆ ಪುಟ್ಟ ನಡುಗಡ್ಡೆ. ಮರಗಳ ತುಂಬಾ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿ. ಗೂಡಿನ ಮೇಲೆ ಗೂಡು. ಗಲಾಟೆ ಅಂದರೆ ಗಲಾಟೆ! ವಾಸನೆಯೂ ಕಡಿಮೆ ಏನಿಲ್ಲ. ಸುತ್ತ ಹೊಳೆ ಹರಿಯುವುದರಿಂದ ಬೆಕ್ಕು, ನಾಯಿ, ಮನುಷ್ಯ ಯಾರೂ ಸುಲಭವಾಗಿ ಗೂಡಿನ ಹತ್ತಿರ ಹೋಗಲಾರರು. ಹಾಗಂತ ಹೊಳೆಯನ್ನು ಪೂರ್ತಿ ನಂಬುವಂತಿಲ್ಲ. ನೆರೆ ಬಂದರೆ ಕೆಳಗಿನ ಗೂಡುಗಳಿಗೇ ಅಪಾಯ.

ಮಳೆಯಲ್ಲೇ ಯಾಕೆ ಮರಿ ಮಾಡುತ್ತವೆ ಅಂತ ಮಕ್ಕಳು ಕೇಳೇ ಕೇಳುತ್ತಾರೆ. ಗದ್ದೆಗಳಲ್ಲಿ ನೀರು ನಿಂತಾಗ ಕಪ್ಪೆ, ಮೀನು, ಹುಳ ಎಲ್ಲ ಜಾಸ್ತಿ. ಹೊಟ್ಟೆಬಾಕ ಮರಿಗಳನ್ನು ಸಾಕಲು ಅದೇ ಸರಿಯಾದ ಸಮಯ. ಹಾಗಾಗಿ ನಡುಗಡ್ಡೆ ಬರೀ ಬಾಣಂತಿ ಕೋಣೆ, ಅಡುಗೆಮನೆ ಹೊರಗಿದೆ: ನೀರುಕಾಗೆ, ಹಾವಕ್ಕಿಗೆ ಹೆಚ್ಚಾಗಿ ಹೊಳೆ, ಬೆಳ್ಳಕ್ಕಿಗೆ ಹೆಚ್ಚಾಗಿ ರೈತರ ಗದ್ದೆ. ಅರಣ್ಯ ಇಲಾಖೆಯ ರಕ್ಷಣೆ ಗೂಡಿಗೆ ಮಾತ್ರ, ಊಟ ಸಿಗುವ ಗದ್ದೆಗಲ್ಲ. ಈಗ ನಮ್ಮ ಕಡೆ ಗದ್ದೆ ತೆಗೆದು ಅಡಿಕೆ ಹಾಕುವುದು, ಶುಂಠಿ ಹಾಕುವುದು ನಡೆದೇ ಇದೆ. ರೈತನನ್ನು ಬೈದು ಏನು ಮಾಡೋದು, ಭತ್ತದಲ್ಲಿ ಖರ್ಚೇ ಹುಟ್ಟೋದಿಲ್ಲ. ಆದರೆ ಬೆಳ್ಳಕ್ಕಿಗೆ ತೋಟದಲ್ಲಿ ಏನಿದೆ ಹೇಳಿ? ದಾರಿಯಲ್ಲಿ ಕಾರು ನಿಲ್ಲಿಸಿ ಗದ್ದೆಯಲ್ಲಿ ಮೇಯುವ ಹಕ್ಕಿಗಳನ್ನೂ ನೋಡಿ. ಅದಕ್ಕೆ ಟಿಕೆಟ್ಟೂ ಇಲ್ಲ.

ಎರಡನೇ ದಿನ ದೂರ ಹೋಗುವ ಮನಸ್ಸಿದ್ದರೆ ಸೊರಬದ ಗುಡವಿ ಪಕ್ಷಿಧಾಮ. ಅಲ್ಲಿ ಹೊಳೆಯಲ್ಲ, ಕೆರೆ. ನೀರಲ್ಲೇ ನಿಂತ ಮರಗಳ ಮೇಲೆ ಬಿಳಿ ಕೆಂಬರಲು (ಐಬಿಸ್), ಚಮಚದ ಕೊಕ್ಕಿನ ಹಕ್ಕಿ ಗೂಡು ಕಟ್ಟುತ್ತವೆ. ಕೆರೆ ಪಕ್ಕದಲ್ಲಿ ನಡೆದುಕೊಂಡೇ ನೋಡಬಹುದು. ನನಗೆ ಮಂಡಗದ್ದೆಗಿಂತ ಇದೇ ಇಷ್ಟ, ರಸ್ತೆಯ ಹಾರ್ನ್ ಕಾಟ ಇಲ್ಲ. ಬೈನಾಕ್ಯುಲರ್ ಇದ್ದರೆ ತನ್ನಿ. ಡ್ರೋನ್ ಬೇಡ.

ಉಂಬಳಕ್ಕೆ, ಅಂದರೆ ಮಳೆಗಾಲದ ಜಿಗಣೆಗೆ, ಹೆದರಬೇಡಿ. ಕಾಲಿಗೆ ಉದ್ದ ಸಾಕ್ಸ್, ಜೇಬಲ್ಲಿ ಉಪ್ಪಿನ ಪೊಟ್ಟಣ ಸಾಕು. ಹೆದರಬೇಕಾದ್ದು ಬೇಸಿಗೆಯಲ್ಲಿ ಮೈಗೆ ಹತ್ತಿ ಕಚ್ಚುವ ಉಣ್ಣೆ ಹುಳಕ್ಕೆ, ಮಂಗಕ್ಕೂ ಮನುಷ್ಯರಿಗೂ ಮಂಗನ ಕಾಯಿಲೆ ಹರಡೋದು ಅದೇ. ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾಗಿದ್ದು ಇದೇ ಸೊರಬದ ಕ್ಯಾಸನೂರು ಕಾಡಿನ ಸುತ್ತ. ಡಿಸೆಂಬರ್‌ನಿಂದ ಮೇವರೆಗೆ ಅದರ ಹಾವಳಿ ಜಾಸ್ತಿ. ಆಗ ಮಂಗ ಸತ್ತ ಸುದ್ದಿ ಇರುವ ಕಡೆ ಕಾಡಿಗೆ ಕಾಲಿಡಲೇಬೇಡಿ.

ಮಂಡಗದ್ದೆ ದಾರಿಯಲ್ಲೇ ಸಕ್ರೆಬೈಲು ಆನೆ ಬಿಡಾರವೂ ಇದೆ. ಮಕ್ಕಳಿಗೆ ಅದನ್ನು ತಪ್ಪಿಸಬೇಡಿ. ಆನೆಗಳ ಸ್ನಾನ ಬೆಳಿಗ್ಗೆ ಮಾತ್ರ, ಆಮೇಲೆ ಅವುಗಳನ್ನು ಮೇಯಲು ಕಾಡಿಗೆ ಬಿಡುತ್ತಾರೆ. ಅದಕ್ಕೇ ಎಂಟೂವರೆಗೆಲ್ಲ ಅಲ್ಲಿರಿ, ತಿಂಡಿ ಬೇಕಾದರೆ ಆಮೇಲೆ ಮಾಡಿ. ಮಂಡಗದ್ದೆಯನ್ನು ಸಂಜೆಗೆ ಇಟ್ಟುಕೊಳ್ಳಿ, ಮೇಯಲು ಹೋದ ಹಕ್ಕಿಗಳು ವಾಪಸ್ ಬರುವುದು ಆಗಲೇ.