ಅಳದ ಕೂಸು: ಕೊಪ್ಪಳದ ಓದುಗರಿಗೆ ಉತ್ತರ

ಮಾನ್ಯ ಸಹೋದರಿ,

17 ತಿಂಗಳ ಹೆಣ್ಣುಮಗುವನ್ನು ದತ್ತು ತಂದು ಮೂರು ತಿಂಗಳಾಯಿತೆಂದೂ, ಗವಿಮಠದ ಜಾತ್ರೆಯಲ್ಲಿ ಬಳೆ ಮಾರುವಾಕೆ ಕೈಚಾಚಿದೊಡನೆ ಅವಳು ನಿಮ್ಮತ್ತ ತಿರುಗಿಯೂ ನೋಡದೆ ಆಕೆಯ ತೆಕ್ಕೆ ಸೇರಿದಳೆಂದೂ, ಕಟ್ಟೆಯಿಂದ ಬಿದ್ದು ತುಟಿ ಒಡೆದರೂ ಅಳಲಿಲ್ಲವೆಂದೂ ಬರೆದಿದ್ದೀರಿ. "ಕೂಸು ಭಾಳ ಶಾಣೇದೈತಿ, ಅಳೂದಾ ಇಲ್ಲ" ಎಂದು ನಿಮ್ಮ ಅತ್ತೆಯವರಿಗೆ ಹಿಗ್ಗು. ನಿಮಗೆ ಮಾತ್ರ, ತಡ ಮಾಡಿದೆವೇನೋ ಎಂಬ ಅಳುಕು.

ಅಳುಕಿಗೆ ಕಾರಣವಿದೆ; ಆದರೆ ತಡವಾಗಿಲ್ಲ. ಅವಳು ಮೊದಲಿದ್ದ ಶಿಶುಗೃಹದ ಆಯಾಗಳು ಕಲ್ಲುಮನಸ್ಸಿನವರೆಂದು ನಾನು ಹೇಳುತ್ತಿಲ್ಲ. ಪಾಳಿ ಬದಲಾದಂತೆ ಎತ್ತಿಕೊಳ್ಳುವ ಕೈಗಳೂ ಬದಲಾಗುವ, ಹಾಲು, ಸ್ನಾನ, ನಿದ್ದೆಗಳೆಲ್ಲ ಗಡಿಯಾರ ನೋಡಿ ನಡೆಯುವ ಕಡೆ, ತಾನು ಅತ್ತದ್ದಕ್ಕೂ ಯಾರೋ ಬಂದದ್ದಕ್ಕೂ ನಂಟಿದೆಯೆಂದು ಮಗುವಿಗೆ ತಿಳಿಯುವುದೇ ಇಲ್ಲ. ಅತ್ತು ಫಲವಿಲ್ಲವೆಂದು ಕಂಡುಕೊಂಡ ಕೂಸು ಅಳುವುದನ್ನು ಬಿಡುತ್ತದೆ, ಸಿಕ್ಕ ಕೈಯನ್ನು ಹಿಡಿಯುತ್ತದೆ. ಅದನ್ನು ನಾವು ಶಾಣೇತನ ಎನ್ನುತ್ತೇವೆ.

ಇದನ್ನು ಅತ್ಯಂತ ಕಟ್ಟುನಿಟ್ಟಾಗಿ ಪರೀಕ್ಷಿಸಿದ್ದು ರುಮೇನಿಯಾದಲ್ಲಿ. 1989ರಲ್ಲಿ ಸರ್ವಾಧಿಕಾರಿ ಚೌಶೆಸ್ಕುವಿನ ಆಡಳಿತ ಉರುಳಿದಾಗ ಅಲ್ಲಿನ ಅನಾಥಾಲಯಗಳಲ್ಲಿ ಲಕ್ಷಕ್ಕೂ ಮಿಕ್ಕಿ ಮಕ್ಕಳಿದ್ದರು. ಮುಂದೆ ಅಮೆರಿಕದ ಸಂಶೋಧಕರಾದ ಚಾರ್ಲ್ಸ್ ನೆಲ್ಸನ್, ನೇಥನ್ ಫಾಕ್ಸ್, ಚಾರ್ಲ್ಸ್ ಝೀನಾ ಅವರು ರಾಜಧಾನಿ ಬುಕಾರೆಸ್ಟ್‌ನ ಅನಾಥಾಲಯಗಳ 136 ಮಕ್ಕಳಲ್ಲಿ ಅರ್ಧದಷ್ಟು ಮಂದಿಯನ್ನು ಚೀಟಿ ಎತ್ತಿದಂತೆ ಆರಿಸಿ ಪೋಷಕ ಕುಟುಂಬಗಳಿಗೆ ಒಪ್ಪಿಸಿ, ವರ್ಷಗಟ್ಟಲೆ ಗಮನಿಸಿದರು. ಮನೆ ಸೇರಿದವರ ಬುದ್ಧಿಶಕ್ತಿ ಸುಧಾರಿಸಿತು. ಮೂರೂವರೆ ವರ್ಷದ ಹೊತ್ತಿಗೆ ಅವರಲ್ಲಿ ಸುಮಾರು ಅರ್ಧದಷ್ಟು ಮಕ್ಕಳಿಗೆ ಸಾಕಿದವರೊಡನೆ ಭದ್ರವಾದ ಬಾಂಧವ್ಯ ಬೆಳೆದಿತ್ತು, ಸಂಸ್ಥೆಯಲ್ಲೇ ಉಳಿದವರಲ್ಲಿ ಐದರಲ್ಲೊಂದು ಪಾಲಿಗೂ ಅದಿರಲಿಲ್ಲ. ಎರಡು ವರ್ಷ ತುಂಬುವ ಮುನ್ನ ಮನೆ ಕಂಡವರ ಚೇತರಿಕೆ ಹೆಚ್ಚು. ನಿಮ್ಮ ಮಗಳು ಆ ಗೆರೆಯ ಈಚೆಗೇ ಬಂದಿದ್ದಾಳೆ. ಆದರೆ ಅಪರಿಚಿತರೊಡನೆ ಸಲೀಸಾಗಿ ಹೋಗಿಬಿಡುವ ಸ್ವಭಾವ ಕೆಲವು ಮಕ್ಕಳಲ್ಲಿ ವರ್ಷಗಳ ಕಾಲ ಉಳಿಯುತ್ತದೆ; ಆದ್ದರಿಂದ ಜಾತ್ರೆ, ಸಂತೆಗಳಲ್ಲಿ ಅವಳ ಕೈ ಬಿಡಬೇಡಿ.

ನಮ್ಮ 2015ರ ಬಾಲನ್ಯಾಯ ಕಾಯ್ದೆಯೂ ಮಗುವನ್ನು ಸಂಸ್ಥೆಗೆ ಸೇರಿಸುವುದು ಕಟ್ಟಕಡೆಯ ದಾರಿಯೆನ್ನುತ್ತದೆ. ಆದರೂ ಹುಟ್ಟುಹಬ್ಬಕ್ಕೆ ಸಿಹಿ ಹಂಚಲು ಶಿಶುಗೃಹಕ್ಕೆ ಹೋಗಿ, ಅರ್ಧ ಗಂಟೆ ಕೂಸುಗಳನ್ನು ಎತ್ತಾಡಿಸಿ ಬರುವ ನಾವು ಅಲ್ಲಿನ ಬದಲಾಗುವ ಕೈಗಳ ಸಾಲಿಗೆ ಇನ್ನೊಂದನ್ನು ಸೇರಿಸುತ್ತಿದ್ದೇವೆಂದು ಯೋಚಿಸುವುದಿಲ್ಲ.

ಓಣಿಯವರೆಲ್ಲ ಎತ್ತಿಕೊಂಡೇ ನಮ್ಮ ಮಕ್ಕಳು ಬೆಳೆದರಲ್ಲ ಎಂದು ಅತ್ತೆಯವರು ಕೇಳಬಹುದು. ನಿಜ, ಆದರೆ ಆ ಮಕ್ಕಳಿಗೆ ಮರಳಿ ಬರಲು ಒಂದು ಮಡಿಲು ಮೊದಲೇ ಗೊತ್ತಿತ್ತು. ಕೆಲವು ತಿಂಗಳು ಉಣಿಸುವುದು, ಮಲಗಿಸುವುದು, ಪೆಟ್ಟಾದಾಗ ಎತ್ತಿಕೊಳ್ಳುವುದು ನೀವಿಬ್ಬರೇ ಆಗಿರಲಿ. ಅವಳು ಅಳದಿದ್ದರೂ ಅತ್ತಳೆಂದೇ ಭಾವಿಸಿ ಓಡಿಹೋಗಿ. ಶ್ರವಣ, ತೂಕ, ಮಾತುಗಳನ್ನು ಮಕ್ಕಳ ವೈದ್ಯರಿಗೆ ಒಮ್ಮೆ ತೋರಿಸಿ.

ಮುಂದೊಂದು ದಿನ ನೀವು ಕೊಡ ಹಿಡಿದು ನಳದ ಕಡೆ ಹೊರಟಾಗ ಅವಳು ಸೆರಗು ಜಗ್ಗಿ ರಂಪ ಮಾಡಿದರೆ, ಅತ್ತೆಯವರು ಹಟಮಾರಿ ಎಂದು ಗದರುವ ಮೊದಲು ಈ ಉತ್ತರವನ್ನು ಅವರಿಗೆ ಓದಿ ಹೇಳಿ.

ಸಂಪಾದಕ