ಇಂಗ್ಲೆಂಡಿಗೆ ಬನ್ನಿ, ಆದರೆ ಜಿಪಿ ಫಾರಂನಲ್ಲಿ ನನ್ನ ತಪ್ಪು ಮಾಡಬೇಡಿ

ಗಂಡನಿಗೆ ಇಂಗ್ಲೆಂಡಿನಲ್ಲಿ ಕೆಲಸ ಸಿಕ್ಕಿದೆ, ಆಸ್ಟ್ರೇಲಿಯಾದ್ದೂ ಒಂದು ಕೈಯಲ್ಲಿದೆ, 13 ವರ್ಷದ ಮಗನಿಗೆ ಡೌನ್ ಸಿಂಡ್ರೋಮ್, ಎಲ್ಲಿ ಅವನನ್ನು ಚೆನ್ನಾಗಿ ನೋಡಿಕೊಳ್ತಾರೆ ಅಂತ ಹುಬ್ಬಳ್ಳಿಯಿಂದ ಕೇಳಿದ್ದೀರಿ. ನಾವು 2012ರಲ್ಲಿ ಬೆಂಗಳೂರು ಬಿಟ್ಟು ಇಂಗ್ಲೆಂಡಿನ ರೆಡಿಂಗ್‌ಗೆ ಬಂದಾಗ ನನ್ನ ಮಗಳಿಗೆ 8 ವರ್ಷ. ಅವಳದ್ದೂ ಡೌನ್ ಸಿಂಡ್ರೋಮೇ. ಹಾಗಾಗಿ ಗೊತ್ತಿರುವುದನ್ನು ಹೇಳ್ತೀನಿ.

ಮೊದಲು ಆಸ್ಟ್ರೇಲಿಯಾ ಮುಗಿಸಿಬಿಡೋಣ. ಅಲ್ಲಿ ಅಂಗವಿಕಲರ ನೆರವಿಗೆ ಸರ್ಕಾರವೇ ದುಡ್ಡು ಕೊಡುವ ಎನ್‌ಡಿಐಎಸ್ ಅನ್ನೋ ಯೋಜನೆ ಇದೆ, ಸಿಕ್ಕವರಿಗೆ ತುಂಬಾ ಒಳ್ಳೆಯದು. ಆದರೆ ವರ್ಕ್ ವೀಸಾದಲ್ಲಿ ಹೋದವರಿಗೆ ಅದು ಸಿಗುವುದಿಲ್ಲ, ಪಿಆರ್ ಆಗಬೇಕು, ಅಂದರೆ ಕಾಯಂ ವಾಸದ ಪರವಾನಗಿ. ಆ ಪಿಆರ್‌ಗೇ ಅಡ್ಡಗಾಲು: ಮನೆಯಲ್ಲಿ ಒಬ್ಬರ ಆರೋಗ್ಯ ಮತ್ತು ಆರೈಕೆಗೆ ಸರ್ಕಾರಕ್ಕೆ ಇಷ್ಟಕ್ಕಿಂತ ಜಾಸ್ತಿ ಖರ್ಚಾಗುತ್ತೆ ಅಂತ ಲೆಕ್ಕ ಬಂದರೆ ಇಡೀ ಕುಟುಂಬದ ಅರ್ಜಿಯೇ ಬಿದ್ದುಹೋಗಬಹುದು. 2024ರಲ್ಲಿ ಆ ಮಿತಿ 86,000 ಆಸ್ಟ್ರೇಲಿಯನ್ ಡಾಲರ್. ಕೆಲವು ವೀಸಾಗಳಲ್ಲಿ ವಿನಾಯಿತಿ ಕೇಳಬಹುದು, ಅದಕ್ಕೆ ಲಾಯರ್ ಹಿಡಿಯಿರಿ. ಇಂಗ್ಲೆಂಡಿನವರು ಇಂಥ ಲೆಕ್ಕ ಹಾಕುವುದಿಲ್ಲ. ಭಾರತದಿಂದ ಬರುವವರಿಗೆ ಟಿಬಿ ಪರೀಕ್ಷೆ ಮಾಡಿಸ್ತಾರೆ, ಅಷ್ಟೇ.

ಬದಲಿಗೆ ದುಡ್ಡು ಮುಂಚೆಯೇ ಕೀಳ್ತಾರೆ. ಹೆಲ್ತ್ ಸರ್‌ಚಾರ್ಜ್ ಅಂತ ದೊಡ್ಡವರಿಗೆ ವರ್ಷಕ್ಕೆ 1,035 ಪೌಂಡ್, ಮಕ್ಕಳಿಗೆ 776. ನಿಮ್ಮ ಮೂವರಿಗೆ ಮೂರು ವರ್ಷದ ವೀಸಾ ಅಂದರೆ 8,538 ಪೌಂಡ್, ಅರ್ಜಿ ಹಾಕುವಾಗಲೇ ಒಟ್ಟಿಗೆ ಕಟ್ಟಬೇಕು. ಕಂಪನಿ ಕೊಡುತ್ತಾ ಕೇಳಿ, ನಾಚಿಕೊಳ್ಳಬೇಡಿ. ಕಟ್ಟಿದ ಮೇಲೆ ಡಾಕ್ಟರ್, ಆಸ್ಪತ್ರೆ, ಆಪರೇಷನ್ ಯಾವುದಕ್ಕೂ ಬಿಲ್ ಇಲ್ಲ, 16 ತುಂಬುವ ತನಕ ಮಗನ ಔಷಧಿಗೂ ಇಲ್ಲ. ಆದರೆ ಅಂಗವಿಕಲ ಮಕ್ಕಳಿಗೆ ಕೊಡುವ ಡಿಎಲ್‌ಎ ಅನ್ನೋ ಭತ್ಯೆ, ನೋಡಿಕೊಳ್ಳುವ ತಾಯಿಗೆ ಬರುವ ಕೇರರ್ಸ್ ಅಲೋವೆನ್ಸ್, ಇವನ್ನೆಲ್ಲ ವರ್ಕ್ ವೀಸಾದವರು ಮುಟ್ಟುವ ಹಾಗಿಲ್ಲ. ಐಎಲ್‌ಆರ್, ಅಂದರೆ ಇಲ್ಲಿನ ಕಾಯಂ ವಾಸದ ಪರವಾನಗಿ, ಆಗುವವರೆಗೆ ಕಾಯಬೇಕು. ನಮಗೆ 5 ವರ್ಷಕ್ಕೆ ಆಯ್ತು, ಈಗ ಬಿಗಿ ಮಾಡುವ ಮಾತು ನಡೆದಿದೆ, ಹೊರಡುವ ಮುಂಚೆ ನೋಡಿಕೊಳ್ಳಿ.

ಈಗ ನಾನು ಮಾಡಿದ ತಪ್ಪು. ಇಲ್ಲಿ ಬಂದ ವಾರದಲ್ಲೇ ಜಿಪಿ, ಅಂದರೆ ಫ್ಯಾಮಿಲಿ ಡಾಕ್ಟರ್, ಹತ್ತಿರ ಹೆಸರು ಬರೆಸಬೇಕು. ಫಾರಂ ತುಂಬುವಾಗ 'ಲರ್ನಿಂಗ್ ಡಿಸೆಬಿಲಿಟಿ ಇದೆಯಾ?' ಅಂತ ಕೇಳಿದ್ದರು. ಬೆಂಗಳೂರಿನಲ್ಲಿ ಲರ್ನಿಂಗ್ ಡಿಸೆಬಿಲಿಟಿ ಅಂದರೆ ಡಿಸ್ಲೆಕ್ಸಿಯಾ, ಓದು ಬರಹ ತಡವರಿಸುವ ಮಕ್ಕಳು, ಅಲ್ವಾ? ನಾನು 'ಇಲ್ಲ' ಅಂತ ಗುರುತು ಹಾಕಿದೆ. ಇಲ್ಲಿನವರು ನಾವು ಇಂಟೆಲೆಕ್ಚುವಲ್ ಡಿಸೆಬಿಲಿಟಿ (ಬುದ್ಧಿ ಬೆಳವಣಿಗೆಯೇ ನಿಧಾನ ಇರುವುದು) ಅನ್ನೋದನ್ನೇ ಲರ್ನಿಂಗ್ ಡಿಸೆಬಿಲಿಟಿ ಅಂತಾರೆ! ಆ ಪಟ್ಟಿಯಲ್ಲಿ ಹೆಸರಿದ್ದರೆ 14 ವರ್ಷದಿಂದ ವರ್ಷಕ್ಕೊಂದು ಸಲ ಪೂರ್ತಿ ತಪಾಸಣೆಗೆ ಕರೀತಾರೆ. ತೂಕ, ಬಿಪಿ, ರಕ್ತ, ಈಗಿರುವ ಮಾತ್ರೆಗಳು ಬೇಕಾ ಬೇಡವಾ, ಮಲಬದ್ಧತೆ, ಕಣ್ಣು, ಕಿವಿ, ಎಲ್ಲ. ನನ್ನ ಒಂದು ಗುರುತಿನಿಂದ ಮಗಳಿಗೆ 17 ಆಗುವವರೆಗೆ ಯಾರೂ ಕರೆಯಲಿಲ್ಲ. ಅವರಿಗೂ ಅವಳ ಮುಖ ನೋಡಿ ಹೊಳೆಯಬೇಕಿತ್ತು, ಆ ಮಾತು ಬೇರೆ. ಮೊದಲ ತಪಾಸಣೆಯಲ್ಲೇ ಥೈರಾಯ್ಡ್ ಕಮ್ಮಿ ಅಂತ ಬಂತು. ಒಂದು ವರ್ಷದಿಂದ ಸೋಫಾ ಬಿಟ್ಟು ಏಳ್ತಿರಲಿಲ್ಲ ಹುಡುಗಿ. ಸೋಮಾರಿ ಅಂತ ಬೈದಿದ್ದೆ ನಾನು. ನಿಮ್ಮ ಮಗನಿಗೆ ಇನ್ನೇನು 14 ಆಗುತ್ತೆ. ಬಂದ ದಿನವೇ 'ಲರ್ನಿಂಗ್ ಡಿಸೆಬಿಲಿಟಿ ರಿಜಿಸ್ಟರ್‌ಗೆ ಹಾಕಿ' ಅಂತ ಇದೇ ಪದದಲ್ಲಿ ಕೇಳಿ.

ಎರಡನೆಯದು ಹಾಸ್ಪಿಟಲ್ ಪಾಸ್‌ಪೋರ್ಟ್. ಹೆಸರು ದೊಡ್ಡದು, ಇರುವುದು ಮಗುವನ್ನು ಹೇಗೆ ನೋಡಿಕೊಳ್ಳಬೇಕು ಅಂತ ಆಸ್ಪತ್ರೆಯವರಿಗೆ ಬರೆದಿಡುವ ಕೆಲವು ಹಾಳೆ. ನನ್ನ ಮಗಳು ಯಾವ ನೋವಾದರೂ 'ಉರಿ' ಅಂತಾಳೆ, ಚಿಕ್ಕಂದಿನಿಂದ ಅದೊಂದೇ ಮಾತು. 18 ವರ್ಷದವಳಿದ್ದಾಗ ಒಂದು ರಾತ್ರಿ ಕೆನ್ನೆಗೆ ತಾನೇ ಹೊಡೆದುಕೊಳ್ತಾ ಉರಿ ಉರಿ ಅಂತ ಕೂಗಿದಳು. ಎಮರ್ಜೆನ್ಸಿಗೆ ಕರೆದುಕೊಂಡು ಹೋದರೆ ಐದು ಗಂಟೆ ಕಾಯಿಸಿ, ಇದು ಅವಳ ಸ್ವಭಾವ, ಡೌನ್ಸ್‌ನವರಲ್ಲಿ ಇರುತ್ತೆ ಅಂತ ವಾಪಸ್ ಕಳಿಸಿದರು. ಎರಡು ದಿನಕ್ಕೆ ದವಡೆ ಊದಿತು, ಹಲ್ಲಿನ ಬೇರಲ್ಲಿ ಕೀವು. ಅದೇ ಆಸ್ಪತ್ರೆಯಲ್ಲಿ ಲರ್ನಿಂಗ್ ಡಿಸೆಬಿಲಿಟಿ ನರ್ಸ್ ಒಬ್ಬರು ಇದ್ದರು ಅಂತ ಆಮೇಲೆ ಗೊತ್ತಾಯ್ತು! ಆಕೆಯೇ ನನ್ನ ಜೊತೆ ಕೂತು ಪಾಸ್‌ಪೋರ್ಟ್ ಬರೆಸಿದರು. ಅದರಲ್ಲಿ ಹೀಗಿದೆ: ಹೊಟ್ಟೆ ನೋವಾದರೆ ಅಳುವುದಿಲ್ಲ, ಬಾಗಿಲ ಹಿಂದೆ ಹೋಗಿ ನಿಲ್ಲುತ್ತಾಳೆ. ಸೂಜಿಗೆ ಮುಂಚೆ ಮರಗಟ್ಟಿಸುವ ಕ್ರೀಮ್ ಹಚ್ಚಿ. ಕಾಯುವ ಕೋಣೆಯಲ್ಲಿ ಟಿವಿ ಸದ್ದು ಆಗುವುದಿಲ್ಲ. ಇದನ್ನೆಲ್ಲ ಕೇಳುವುದು ಉಪಕಾರ ಬೇಡಿದ ಹಾಗಲ್ಲ, 2010ರ ಈಕ್ವಾಲಿಟಿ ಆ್ಯಕ್ಟ್ ಪ್ರಕಾರ ಅವರು ಮಾಡಲೇಬೇಕಾದ ಹೊಂದಾಣಿಕೆ.

ಇಲ್ಲಿ ಎಲ್ಲ ಸರಿಯಿದೆ ಅಂದುಕೊಳ್ಳಬೇಡಿ. ಇಂಗ್ಲೆಂಡಿನಲ್ಲೂ ಲರ್ನಿಂಗ್ ಡಿಸೆಬಿಲಿಟಿ ಇರುವವರು ಉಳಿದವರಿಗಿಂತ ಸುಮಾರು 20 ವರ್ಷ ಮುಂಚೆ ಸಾಯ್ತಾರೆ. ಆಟಿಸಂ ಜೊತೆಗೆ ಸ್ವಲ್ಪ ಲರ್ನಿಂಗ್ ಡಿಸೆಬಿಲಿಟಿಯೂ ಇದ್ದ ಆಲಿವರ್ ಮೆಕ್‌ಗೋವನ್ ಅನ್ನೋ 18ರ ಹುಡುಗ 2016ರಲ್ಲಿ ತೀರಿಕೊಂಡ. ಅವನೂ ಅಪ್ಪ ಅಮ್ಮನೂ ಬೇಡ ಅಂದರೂ ಆಸ್ಪತ್ರೆಯಲ್ಲಿ ಮನೋರೋಗದ ಔಷಧಿ ಕೊಟ್ಟಿದ್ದರು, ಅದು ಮೈಗೆ ಒಗ್ಗದೆ ಮಿದುಳಿಗೆ ಪೆಟ್ಟಾಯ್ತು. ಅವನ ತಾಯಿ ಬಿಡದೆ ಹೋರಾಡಿದರು. 2022ರ ಕಾನೂನಿನಿಂದ ಆರೋಗ್ಯ ಸಿಬ್ಬಂದಿಗೆಲ್ಲ ಇಂಥವರನ್ನು ನೋಡಿಕೊಳ್ಳುವ ಬಗ್ಗೆ ತರಬೇತಿ ಕಡ್ಡಾಯ ಆಗಿದೆ, ಅವನ ಹೆಸರಲ್ಲೇ ನಡೆಯುತ್ತೆ.

ಸ್ಪೀಚ್ ಥೆರಪಿಗೆ ತಿಂಗಳುಗಟ್ಟಲೆ ಕಾಯಬೇಕು. ಬೆಂಗಳೂರಲ್ಲಿ ಫೋನ್ ಮಾಡಿ ದುಡ್ಡು ಕೊಟ್ಟರೆ ಮುಂದಿನ ವಾರ ಸಿಗುತ್ತಿತ್ತು. ಶಾಲೆಗೆ ಇಎಚ್‌ಸಿಪಿ ಅಂತ, ಮಗುವಿಗೆ ಏನೇನು ಸಹಾಯ ಬೇಕು ಅಂತ ಬರೆದ ಪ್ಲಾನ್ ಮಾಡಿಸಬೇಕು, ಅದಕ್ಕೆ ವೀಸಾ ಅಡ್ಡಿ ಬರುವುದಿಲ್ಲ, ಬೇಕಿದ್ದರೆ 25 ವರ್ಷದವರೆಗೂ ಎಳೆಯಬಹುದು. ಊರಿನ ಕೌನ್ಸಿಲ್‌ನವರು ಅದನ್ನು 20 ವಾರದೊಳಗೆ ಕೊಡಬೇಕು ಅಂತ ನಿಯಮ, ಕೊಡುವವರು ಕಮ್ಮಿ, ಬೆನ್ನು ಹತ್ತಬೇಕು. ಮನೆಯಲ್ಲಿ ಇಂಗ್ಲಿಷೇ ಮಾತಾಡಿ ಅಂತ ಯಾರಾದರೂ ಹೇಳಿದರೆ ಸುಮ್ನೆ ತಲೆಯಾಡಿಸಿ ಕನ್ನಡ ಮಾತಾಡಿ. ಎರಡು ಭಾಷೆಯಿಂದ ಡೌನ್ ಸಿಂಡ್ರೋಮ್ ಮಕ್ಕಳ ಮಾತು ಹಿಂದೆ ಬೀಳುವುದಿಲ್ಲ ಅಂತ ಸಂಶೋಧಕರೇ ಹೇಳಿದ್ದಾರೆ.

ಇನ್ನೊಂದಕ್ಕೆ ಈಗಲೇ ಮನಸ್ಸು ಗಟ್ಟಿ ಮಾಡಿಕೊಳ್ಳಿ. ನಮ್ಮಲ್ಲಿ 18 ಆದಮೇಲೆ ನ್ಯಾಷನಲ್ ಟ್ರಸ್ಟ್ ಕಾಯ್ದೆಯಲ್ಲಿ ತಂದೆತಾಯಿ ಗಾರ್ಡಿಯನ್‌ಶಿಪ್ ಪತ್ರ ಮಾಡಿಸಿಕೊಳ್ತೀವಿ. ಇಲ್ಲಿ 2005ರ ಮೆಂಟಲ್ ಕೆಪ್ಯಾಸಿಟಿ ಆ್ಯಕ್ಟ್, 16ರಿಂದಲೇ ಶುರು. ಡಾಕ್ಟರ್ ಕುರ್ಚಿ ತಿರುಗಿಸಿ ಮಗಳನ್ನೇ ಕೇಳಿದರು, ರಕ್ತ ತೆಗೆಯಲಾ ಅಂತ. ಬೇಡ ಅಂದಳು. ಸರಿ ಇನ್ನೊಂದು ದಿನ ಬನ್ನಿ ಅಂದರು! ಮೂರನೇ ಸಲಕ್ಕೆ ಕೈ ಚಾಚಿದಳು. ಮೊದಲೆರಡು ಸಲ ರಜೆ ಹಾಕಿ ಹೋಗಿದ್ದ ನನಗೆ ಮೈಯೆಲ್ಲ ಉರಿದುಹೋಗಿತ್ತು.

ಬರುವಾಗ ಹೃದಯದ ಎಕೋ ರಿಪೋರ್ಟ್, ಥೈರಾಯ್ಡ್ ರಿಪೋರ್ಟ್, ಕ್ರೋಮೋಸೋಮ್ ಪರೀಕ್ಷೆಯ ಕಾಗದ, ಲಸಿಕೆ ಪಟ್ಟಿ, ಎಲ್ಲ ಕೈಚೀಲದಲ್ಲಿ ಇಟ್ಟುಕೊಳ್ಳಿ, ಚೆಕ್-ಇನ್ ಲಗೇಜಿಗೆ ಹಾಕಬೇಡಿ. ನಿಮ್ಮ ಮಗ ನೋವಾದರೆ ಏನಂತಾನೆ?